ರಾಲ್ಫ್ ಡಿಪಾಲ್ಮಾ: ಕೈಗೆ ಬಂದ ತುತ್ತು ಬಾಯಿಗೆ ಬರದವನು, ಅಷ್ಟೇನಾ?

ಹಳೆಗಾಡಿ (ಚರ್ಚೆ ತೆಗೆದವರು)

ಮೊನ್ನೆ ಇಲ್ಲೇ "ಕಾರ್ ರೇಸಿನಲ್ಲಿ ಎಲ್ಲರಿಗಿಂತ ನತದೃಷ್ಟ ಯಾರು" ಅಂತ ಮಾತು ಬಂತು. ತಕ್ಷಣ ನೂರು ವರ್ಷಕ್ಕೂ ಹಿಂದಿನ ಅಮೆರಿಕದ ಡ್ರೈವರ್ ರಾಲ್ಫ್ ಡಿಪಾಲ್ಮಾ ಹೆಸರು ಬಿತ್ತು, ಜೊತೆಗೆ ಅದೇ ಹಳೇ ಫೋಟೋ. ಇಬ್ಬರು ಸೇರಿ ದೊಡ್ಡದೊಂದು ಮರ್ಸಿಡಿಸ್ ಕಾರನ್ನು ತಳ್ಳಿಕೊಂಡು ಬರುತ್ತಿದ್ದಾರೆ. ಎಲ್ಲರೂ "ಅಯ್ಯೋ ಪಾಪ" ಅಂದರು, ಮಾತು ಮುಗಿಯಿತು. ನನಗೆ ಈ "ಅಯ್ಯೋ ಪಾಪ" ಒಪ್ಪಿಗೆಯಾಗಲಿಲ್ಲ. ಅದಕ್ಕೇ ಬೇರೆ ಚರ್ಚೆ ತೆಗೆದಿದ್ದೇನೆ. ಉದ್ದ ಆಗುತ್ತದೆ, ಬಿಡುವಿದ್ದಾಗ ಓದಿ.

ಗೊತ್ತಿಲ್ಲದವರಿಗೆ ಮೊದಲು ಆ ಫೋಟೋದ ಕಥೆ. 1912ರ ಮೇ 30, ಅಮೆರಿಕದ ಇಂಡಿಯಾನಾಪೊಲಿಸ್. 500 ಮೈಲಿ ರೇಸು ಶುರುವಾಗಿ ಅದು ಎರಡನೇ ವರ್ಷ. ಎರಡೂವರೆ ಮೈಲಿಯ ಟ್ರ್ಯಾಕು, ಪೂರ್ತಿ ಇಟ್ಟಿಗೆ ಹಾಸಿದ್ದು. 200 ಸುತ್ತು ಹೊಡೆಯಬೇಕು. ಮೊದಲ ಎರಡು ಸುತ್ತು ಟೆಡ್ಡಿ ಟೆಟ್ಜ್‌ಲಾಫ್ ಎನ್ನುವವನು ಫಿಯಟ್‌ನಲ್ಲಿ ಮುಂದಿದ್ದ. ಮೂರನೇ ಸುತ್ತಿನಲ್ಲಿ ಡಿಪಾಲ್ಮಾ ಅವನನ್ನು ದಾಟಿದ. ಆಮೇಲೆ ಅವನ ಮುಂದೆ ಯಾರೂ ಇಲ್ಲ. ಗಂಟೆಗಟ್ಟಲೆ ಹೀಗೇ ನಡೆಯಿತು. ಎರಡನೇ ಸ್ಥಾನದಲ್ಲಿದ್ದ ಜೋ ಡಾಸನ್‌ಗಿಂತ ಐದು ಸುತ್ತಿಗೂ ಜಾಸ್ತಿ ಮುಂದೆ ಹೋಗಿಬಿಟ್ಟಿದ್ದ. ಜನ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೊರಡುವ ಹೊತ್ತು.

ಇನ್ನು ಕೆಲವೇ ಸುತ್ತು ಬಾಕಿ ಇರುವಾಗ ಇಂಜಿನ್ನಿನ ಸದ್ದು ಕೆಟ್ಟಿತು. ಪಿಸ್ಟನ್ನನ್ನು ಇಂಜಿನ್ನಿನ ತಿರುಗುವ ದಂಡಕ್ಕೆ (ಕ್ರ್ಯಾಂಕಿಗೆ) ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದಿತ್ತು. ಕಾರು ಕುಂಟುತ್ತಾ, ಎಣ್ಣೆ ಸುರಿಸುತ್ತಾ ಮತ್ತೆ ಕೆಲವು ಸುತ್ತು ಬಂತು. 199ನೇ ಸುತ್ತಿನಲ್ಲಿ ನಿಂತೇ ಹೋಯಿತು. ಡಿಪಾಲ್ಮಾ ಇಳಿದ. ಪಕ್ಕದ ಸೀಟಿನಲ್ಲಿದ್ದ ಮೆಕ್ಯಾನಿಕ್ ರೂಪರ್ಟ್ ಜೆಫ್ಕಿನ್ಸ್ ಕೂಡ ಇಳಿದ. ಇಬ್ಬರೂ ಕಾರಿಗೆ ಹೆಗಲು ಕೊಟ್ಟು ತಳ್ಳತೊಡಗಿದರು. ಅಷ್ಟರಲ್ಲಿ ಡಾಸನ್‌ನ ನ್ಯಾಷನಲ್ ಕಾರು ಪಕ್ಕದಲ್ಲೇ ಹಾದುಹೋಯಿತು. ಅವನು ಇಡೀ ರೇಸಿನಲ್ಲಿ ಮುಂದಿದ್ದದ್ದು ಕೊನೆಯ ಎರಡು ಸುತ್ತು ಮಾತ್ರ. ಗೆದ್ದದ್ದು ಅವನೇ.

200ರಲ್ಲಿ 196 ಸುತ್ತು ಮುಂದಿದ್ದು ಸೋತವನು. ಕಥೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಇದೇ ಮನುಷ್ಯ 1912ರಲ್ಲೂ 1914ರಲ್ಲೂ ಅಮೆರಿಕದ ರಾಷ್ಟ್ರೀಯ ಚಾಂಪಿಯನ್. ವ್ಯಾಂಡರ್‌ಬಿಲ್ಟ್ ಕಪ್ ಅನ್ನುವ ದೊಡ್ಡ ರೇಸನ್ನು ಎರಡು ಸಲ ಗೆದ್ದವನು. 1915ರಲ್ಲಿ ಅದೇ ಇಂಡಿಯಾನಾಪೊಲಿಸ್ ಗೆದ್ದವನು. 1919ರಲ್ಲಿ ಡೇಟೋನಾ ಬೀಚ್ ಮರಳಿನ ಮೇಲೆ ಗಂಟೆಗೆ 149.875 ಮೈಲಿ ವೇಗದಲ್ಲಿ ಓಡಿಸಿದವನು. ಇಷ್ಟೆಲ್ಲ ಇಟ್ಟುಕೊಂಡು ಬರೀ ತಳ್ಳುವ ಫೋಟೋ ತೋರಿಸಿ ಪಾಪ ಅನ್ನುವುದು ಅನ್ಯಾಯ ಅಲ್ವಾ?

ಗ್ರೀಸ್‌ಕೈ

ಅನ್ಯಾಯ ಸರಿ ಸರ್. ಆದರೆ ನನ್ನದೊಂದು ತಕರಾರು. ಐದು ಸುತ್ತು ಮುಂದಿದ್ದವನು ಯಾಕೆ ನಿಧಾನ ಮಾಡಲಿಲ್ಲ? ಹನ್ನೆರಡು ಮೈಲಿಗೂ ಜಾಸ್ತಿ ಅಂತರ. ಎದುರಾಳಿ ಕಣ್ಣಿಗೂ ಕಾಣಿಸುತ್ತಿಲ್ಲ. ಆಗ ಇಂಜಿನ್ನಿಗೆ ಉಸಿರಾಡೋಕೆ ಬಿಡಬೇಕಿತ್ತು. ದುರದೃಷ್ಟ ಅನ್ನುವ ಮೊದಲು ಇದನ್ನೂ ಕೇಳಬೇಕು.

ನನ್ನ ಕೆಲಸ ಇಂಜಿನ್ನಿನದೇ, ಅದಕ್ಕೆ ಸ್ವಲ್ಪ ವಿವರ ಹೇಳುತ್ತೇನೆ. ಆ ಮರ್ಸಿಡಿಸ್‌ಗೆ ಗ್ರೇ ಗೋಸ್ಟ್ ಅಂತ ಅಡ್ಡಹೆಸರು. ನಾಲ್ಕೇ ಸಿಲಿಂಡರ್, ಒಟ್ಟು ಒಂಬತ್ತೂವರೆ ಲೀಟರ್. ಅಂದರೆ ಒಂದೊಂದು ಸಿಲಿಂಡರೂ 2.4 ಲೀಟರಿಗೆ ಹತ್ತಿರ. ಈಗಿನ ಇನ್ನೋವಾ ಕ್ರಿಸ್ಟಾ ಡೀಸೆಲ್‌ನ ಪೂರ್ತಿ ಇಂಜಿನ್ನೇ 2.4 ಲೀಟರ್! ಅಷ್ಟು ದೊಡ್ಡ ಪಿಸ್ಟನ್ ಮೇಲೆ ಕೆಳಗೆ ಹೋಗಿ ಬರುವಾಗ ಪ್ರತಿ ಸಲ ರಾಡನ್ನು ಎಳೆಯುತ್ತದೆ, ಒತ್ತುತ್ತದೆ. ವೇಗ ಎರಡರಷ್ಟಾದರೆ ಆ ಎಳೆತ ನಾಲ್ಕರಷ್ಟಾಗುತ್ತದೆ. ಆ ಕಾಲದ ಉಕ್ಕು ಈಗಿನ ಹಾಗಲ್ಲ. ಆರು ಗಂಟೆ ಹೊತ್ತು ಇಟ್ಟಿಗೆ ಮೇಲೆ ಕುಲುಕಿಕೊಂಡು ಓಡಿದರೆ ಎಲ್ಲೋ ಒಂದು ಕಡೆ ಸಣ್ಣ ಬಿರುಕು ಬಿಡುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ದಿನ ಪಟ್ ಅಂತ ಹೋಗುತ್ತದೆ.

ಅದಕ್ಕೇ ಹೇಳುವುದು, ಸ್ವಲ್ಪ ಕಡಿಮೆ ವೇಗದಲ್ಲಿ ಓಡಿಸಿದ್ದರೆ ಆ ರಾಡ್ ಇನ್ನೂ ಹತ್ತು ಸುತ್ತು ಬಾಳುತ್ತಿತ್ತೋ ಏನೋ.

ಹಳೆಗಾಡಿ

ಗ್ರೀಸ್‌ಕೈ ಅವರೇ, ಬಿರುಕು ಆಗಲೇ ಬಿಟ್ಟಿದ್ದರೆ ನಿಧಾನ ಮಾಡಿ ಏನು ಪ್ರಯೋಜನ? ನೀವೇ ಹೇಳಿದಿರಿ ಕಣ್ಣಿಗೆ ಕಾಣುವುದಿಲ್ಲ ಅಂತ. ಇನ್ನೊಂದು ವಿಷಯ. ಆಗ ಟೈರು ಯಾವ ಗಳಿಗೆಯಲ್ಲಿ ಸಿಡಿಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ಪಿಟ್‌ನಲ್ಲಿ (ಟ್ರ್ಯಾಕಿನ ಪಕ್ಕ ಟೈರು ಬದಲಿಸೋಕೆ ನಿಲ್ಲಿಸುವ ಜಾಗ) ಒಂದು ಚಕ್ರ ಕೈಕೊಟ್ಟರೆ ನಿಮಿಷಗಟ್ಟಲೆ ಹೋಯಿತು. ಐದು ಸುತ್ತಿನ ಅಂತರ ಈಗ ಕೇಳಿದರೆ ದೊಡ್ಡದು. ಆಗ ಎರಡು ಸಲ ಟೈರು ಸಿಡಿದರೆ ಅದರಲ್ಲಿ ಬಹುಪಾಲು ಕರಗುತ್ತಿತ್ತು.

ಪಿಟ್‌ಲೇನ್

ಒಂದು ಸಣ್ಣ ಅನುಮಾನ. ತಳ್ಳಿಕೊಂಡು ಗೆರೆ ದಾಟಿದ್ದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ ಅಲ್ವಾ?

ಹಳೆಗಾಡಿ

ಬರುತ್ತಿರಲಿಲ್ಲ. ಕಾರು ತನ್ನ ಇಂಜಿನ್ ಶಕ್ತಿಯಿಂದಲೇ ಓಡಿ ಮುಗಿಸಬೇಕು. ಮೇಲಾಗಿ ಅವರು ತಳ್ಳಿಕೊಂಡು ಬಂದಾಗ ಇನ್ನೂ ಒಂದು ಪೂರ್ತಿ ಸುತ್ತು ಬಾಕಿ ಇತ್ತು. ದಾಖಲೆಯಲ್ಲಿ 198 ಸುತ್ತು ಅಂತ ಇದೆ, ಸ್ಥಾನ ಹನ್ನೊಂದು. ಹಾಗಾದರೆ ಯಾಕೆ ತಳ್ಳಿದ? ನನಗನಿಸುವುದು, ಆ ಹೊತ್ತಿನಲ್ಲಿ ಲೆಕ್ಕ ಹಾಕುತ್ತಾ ಕೂರುವ ಮನುಷ್ಯ ಅವನಲ್ಲ. ಇಳಿದ, ತಳ್ಳಿದ, ಅಷ್ಟೇ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಹನ್ನೊಂದನೇ ಸ್ಥಾನದ ಹಿಂದೆ ಒಂದು ತಮಾಷೆಯೂ ಇದೆ. ಅವತ್ತು ಹತ್ತು ಜನಕ್ಕೆ ಬಹುಮಾನ. ಆದರೆ 500 ಮೈಲಿ ಪೂರ್ತಿ ಓಡಿಸಿದವರಿಗೆ ಮಾತ್ರ. ಒಂಬತ್ತು ಕಾರು ಮುಗಿಸಿದವು. ಹತ್ತನೆಯವನು ರಾಲ್ಫ್ ಮಲ್ಫೋರ್ಡ್, ತುಂಬ ಹಿಂದೆ ಉಳಿದಿದ್ದ. ಅಧಿಕಾರಿಗಳು "ದುಡ್ಡು ಬೇಕಾದರೆ ಪೂರ್ತಿ ಓಡಿಸು" ಅಂದರು. ಸರಿ, ಓಡಿಸಿದ! ಡಾಸನ್ ಮುಗಿಸಿದ್ದು ಸುಮಾರು 6 ಗಂಟೆ 21 ನಿಮಿಷಕ್ಕೆ. ಮಲ್ಫೋರ್ಡ್ ತೆಗೆದುಕೊಂಡದ್ದು 8 ಗಂಟೆ 53 ನಿಮಿಷ. ಮಧ್ಯೆ ಕಾರು ನಿಲ್ಲಿಸಿ ಕರಿದ ಕೋಳಿ ತಿಂದುಕೊಂಡು ಹೋದನಂತೆ. ಸ್ಟ್ಯಾಂಡು ಖಾಲಿ, ಹೊತ್ತು ಇಳಿಯುತ್ತಿದೆ, ಟ್ರ್ಯಾಕಿನಲ್ಲಿ ಇವನೊಬ್ಬನೇ. 196 ಸುತ್ತು ಮುಂದಿದ್ದವನಿಗೆ ಆ ಹತ್ತರಲ್ಲಿ ಜಾಗ ಇಲ್ಲ, ಕೋಳಿ ತಿಂದವನಿಗೆ ಇದೆ.

ಇಂಡಿಯಾನಾ ಕನ್ನಡತಿ

ನಾನಿರುವುದು ಇಂಡಿಯಾನಾಪೊಲಿಸ್ ಪಕ್ಕದಲ್ಲೇ, ಹಾಗಾಗಿ ಡಾಸನ್ ಪರವಾಗಿ ಯಾರಾದರೂ ಮಾತಾಡಬೇಕು ಅಲ್ವಾ. ನೀವೆಲ್ಲ ಅವನನ್ನು ಸುಮ್ನೆ ಅದೃಷ್ಟಕ್ಕೆ ಗೆದ್ದವನ ಹಾಗೆ ಬರೆಯುತ್ತಿದ್ದೀರಿ. ಅವತ್ತು ಅವನಿಗೆ 22 ವರ್ಷ. ಅಷ್ಟು ಚಿಕ್ಕ ವಯಸ್ಸಿಗೆ ಈ ರೇಸು ಗೆದ್ದ ದಾಖಲೆ 1952ರಲ್ಲಿ ಟ್ರಾಯ್ ರಟ್‌ಮನ್ ಬರುವ ತನಕ ಹಾಗೇ ಇತ್ತು, ನಲವತ್ತು ವರ್ಷ. ಅವನು ಓಡಿಸಿದ ನ್ಯಾಷನಲ್ ಕಾರು ಇದೇ ಊರಿನ ಕಾರ್ಖಾನೆಯಲ್ಲಿ ತಯಾರಾದದ್ದು. ಊರಿನ ಕಾರು, ಊರಿನ ಹುಡುಗ. ಚಪ್ಪಾಳೆ ಡಿಪಾಲ್ಮಾಗೆ ಬಿದ್ದಿರಬಹುದು, ಆದರೆ ಅವತ್ತು ರಾತ್ರಿ ಇಲ್ಲಿ ಹಬ್ಬ ಆಗಿದ್ದು ಡಾಸನ್‌ದೇ ಇರಬೇಕು.

ಆ ನ್ಯಾಷನಲ್ ಕಾರು ಟ್ರ್ಯಾಕಿನ ಒಳಗಿರುವ ಮ್ಯೂಸಿಯಮ್ಮಿನಲ್ಲಿದೆ. ನೀಲಿ ಬಣ್ಣ. ಹತ್ತಿರ ನಿಂತು ನೋಡಿದರೆ ಮೊದಲು ಹೆದರಿಕೆ ಆಗುವುದು ಸೀಟು ನೋಡಿ. ಸೀಟು ಅನ್ನುವುದಕ್ಕಿಂತ ಎರಡು ಸಣ್ಣ ತೊಟ್ಟಿ. ಬಾಗಿಲಿಲ್ಲ, ಬೆಲ್ಟಿಲ್ಲ, ತಲೆಯ ಮೇಲೆ ಏನೂ ಇಲ್ಲ. ಬೆನ್ನ ಹಿಂದೆ ಪೆಟ್ರೋಲ್ ಟ್ಯಾಂಕು. ಮೊದಲ ವರ್ಷ, 1911ರಲ್ಲಿ, ಗೆದ್ದ ರೇ ಹ್ಯಾರೂನ್‌ನ ಹಳದಿ ಮಾರ್ಮನ್ ವಾಸ್ಪ್ ಕೂಡ ಅಲ್ಲೇ ಇದೆ. ಅದರಲ್ಲಿ ಒಂದೇ ಸೀಟು, ಪಕ್ಕದಲ್ಲಿ ಹಿಂದೆ ನೋಡಿ ಹೇಳುವವನು ಇಲ್ಲ. ಅದಕ್ಕೆ ಹ್ಯಾರೂನ್ ಮುಂದೆ ಒಂದು ಕನ್ನಡಿ ಹಾಕಿಕೊಂಡಿದ್ದ.

ಇಟ್ಟಿಗೆ ಈಗ ಗೆಲುವಿನ ಗೆರೆಯ ಹತ್ತಿರ ಮಾತ್ರ ಒಂದು ಗಜ ಅಗಲ ಬಿಟ್ಟಿದ್ದಾರೆ. ಉಳಿದದ್ದು ಡಾಂಬರು.

ಪಿಟ್‌ಲೇನ್

ಮೇಡಂ, ಪಕ್ಕದ ಸೀಟಿನವನು ಹಿಂದೆ ನೋಡುವುದು ಬಿಟ್ಟು ಇನ್ನೇನು ಮಾಡುತ್ತಿದ್ದ?

ಗ್ರೀಸ್‌ಕೈ

ನಾನು ಹೇಳುತ್ತೇನೆ. ಅವನಿಗೆ ಬಿಡುವೇ ಇರುತ್ತಿರಲಿಲ್ಲ. ಪೆಟ್ರೋಲ್ ಟ್ಯಾಂಕಿನಲ್ಲಿ ಒತ್ತಡ ಇಳಿಯದ ಹಾಗೆ ಕೈಪಂಪ್ ಹೊಡೆಯಬೇಕು. ಎಷ್ಟೋ ಕಾರುಗಳಲ್ಲಿ ಆಯಿಲ್ಲಿಗೂ ಕೈಪಂಪೇ. ತಿರುಗಿ ಹಿಂದಿನ ಟೈರು ನೋಡಬೇಕು. ಆ ಟೈರಿನಲ್ಲಿ ರಬ್ಬರಿನ ಒಳಗೆ ಕ್ಯಾನ್ವಾಸ್ ಬಟ್ಟೆಯ ಪದರ ಇರುತ್ತಿತ್ತು. ರಬ್ಬರ್ ಸವೆದು ಬಟ್ಟೆ ಕಂಡರೆ ಇನ್ನು ಹೆಚ್ಚು ಹೊತ್ತಿಲ್ಲ ಅಂತ ಅರ್ಥ. ಇಂಜಿನ್ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ, ಎಲ್ಲ ಕೈಸನ್ನೆ, ಇಲ್ಲಾಂದ್ರೆ ತೊಡೆ ತಟ್ಟಿ ಹೇಳಬೇಕು. ಕಾರು ಪಲ್ಟಿ ಹೊಡೆದರೆ ಹಿಡಿದುಕೊಳ್ಳೋಕೆ ಸ್ಟೀರಿಂಗೂ ಇಲ್ಲ. ಗೆದ್ದರೆ ಹೆಸರು ಡ್ರೈವರಿಂದು.

ಸಿಗಾರ್‌ವಾಲಾ

ಡಿಪಾಲ್ಮಾ ಡಿಪಾಲ್ಮಾ ಅಂತ ಎಷ್ಟು ಹೊಗಳುತ್ತೀರಿ ಗುರು. ಆ ಕಾಲದ ಅಮೆರಿಕದಲ್ಲಿ ಹಳ್ಳಿ ಹಳ್ಳಿಗೂ ಗೊತ್ತಿದ್ದ ಹೆಸರು ಬಾರ್ನಿ ಓಲ್ಡ್‌ಫೀಲ್ಡ್. ಬಾಯಲ್ಲಿ ಸಿಗಾರ್ ಕಚ್ಚಿಕೊಂಡು ರೇಸ್ ಓಡಿಸಿದ ಗಂಡು. 1902ರಲ್ಲಿ ಹೆನ್ರಿ ಫೋರ್ಡ್ ಕಟ್ಟಿದ 999 ಕಾರು ಓಡಿಸಿ ಗೆದ್ದ. 1903ರಲ್ಲಿ ದುಂಡನೆ ಮಣ್ಣಿನ ಟ್ರ್ಯಾಕಿನಲ್ಲಿ ಒಂದು ಮೈಲಿಯನ್ನು ಒಂದು ನಿಮಿಷದೊಳಗೆ ಓಡಿಸಿದ. 1910ರಲ್ಲಿ ಬ್ಲಿಟ್ಜೆನ್ ಬೆಂಜ್‌ನಲ್ಲಿ ಡೇಟೋನಾದಲ್ಲಿ ಗಂಟೆಗೆ 131 ಮೈಲಿ ದಾಟಿದ. ಯಾರಾದರೂ ಜೋರಾಗಿ ಗಾಡಿ ಓಡಿಸಿದರೆ ಪೊಲೀಸರು ಹಿಡಿದು "ನೀನೇನು ಬಾರ್ನಿ ಓಲ್ಡ್‌ಫೀಲ್ಡಾ?" ಅಂತ ಕೇಳುತ್ತಿದ್ದರಂತೆ. ಡಿಪಾಲ್ಮಾ ಹೆಸರು ಯಾವ ಪೊಲೀಸನ ಬಾಯಲ್ಲಿ ಬಂತು ಹೇಳಿ?

ಹಳೆಗಾಡಿ

ಹೆಸರು ದೊಡ್ಡದು, ಒಪ್ಪಿದೆ. ಆದರೆ ಓಲ್ಡ್‌ಫೀಲ್ಡ್ ಅರ್ಧ ಡ್ರೈವರ್, ಅರ್ಧ ಸರ್ಕಸ್ ಕಂಪನಿ ಮಾಲೀಕ. ಊರೂರು ತಿರುಗಿ ಪ್ರದರ್ಶನ ರೇಸು ಮಾಡಿ ದುಡ್ಡು ಮಾಡಿದ. 1910ರಲ್ಲಿ ಬಾಕ್ಸಿಂಗ್ ಚಾಂಪಿಯನ್ ಜ್ಯಾಕ್ ಜಾನ್ಸನ್ ಜೊತೆ ಕಾರ್ ರೇಸ್ ಇಟ್ಟುಕೊಂಡು, ಅದಕ್ಕೆ ಆಗ ಅಮೆರಿಕದ ರೇಸುಗಳನ್ನು ನಡೆಸುತ್ತಿದ್ದ ಎಎಎ ಸಂಸ್ಥೆಯಿಂದ ಅಮಾನತು ಆದ. ಇಂಡಿಯಾನಾಪೊಲಿಸ್‌ನಲ್ಲಿ ಅವನ ಅತ್ಯುತ್ತಮ ಸ್ಥಾನ ಐದು.

ಇವರಿಬ್ಬರೂ ನೇರಾನೇರ ಎದುರಾದಾಗ ಏನಾಯಿತು ಅದನ್ನು ಹೇಳಿ ಮತ್ತೆ! 1914, ಸಾಂಟಾ ಮೋನಿಕಾ.

ಸಿಗಾರ್‌ವಾಲಾ

ಅದು ಮೋಸ. 😀 ನಾನೇ ಹೇಳುತ್ತೇನೆ, ಆಮೇಲೆ ನ್ಯಾಯ ಜನರೇ ಹೇಳಲಿ.

1913ರಲ್ಲಿ ಡಿಪಾಲ್ಮಾ ಮರ್ಸರ್ ಕಂಪನಿಯ ತಂಡದ ನಾಯಕ. ಕಂಪನಿಯವರು ಇವನನ್ನು ಒಂದು ಮಾತೂ ಕೇಳದೆ ಓಲ್ಡ್‌ಫೀಲ್ಡ್‌ನನ್ನು ತಂಡಕ್ಕೆ ಸೇರಿಸಿಕೊಂಡರು. ಇವನಿಗೆ ಉರಿದುಹೋಯಿತು. ರಾಜೀನಾಮೆ ಬಿಸಾಕಿ ಎದ್ದು ಬಂದ. ಸರಿ, ಕಾರಿಲ್ಲ. ಎಲ್ಲೋ ಬಿದ್ದಿದ್ದ ಹಳೇ ಗ್ರೇ ಗೋಸ್ಟ್ ಎತ್ತಿಕೊಂಡು ಬಂದು ವ್ಯಾಂಡರ್‌ಬಿಲ್ಟ್ ಕಪ್‌ಗೆ ನಿಂತ. ಓಲ್ಡ್‌ಫೀಲ್ಡ್ ಹೊಸ ಮರ್ಸರ್‌ನಲ್ಲಿ.

ಮರ್ಸರ್‌ಗೆ ವೇಗ ಜಾಸ್ತಿ, ಆದರೆ ಟೈರು ಬೇಗ ಸವೆಯುತ್ತಿತ್ತು. ಕೊನೆ ಕೊನೆಗೆ ಇಬ್ಬರೂ ಹತ್ತಿರ ಹತ್ತಿರ. ಪಿಟ್ ಮುಂದೆ ಹೋಗುವಾಗ ಡಿಪಾಲ್ಮಾ, ಓಲ್ಡ್‌ಫೀಲ್ಡ್‌ಗೆ ಕಾಣುವ ಹಾಗೇ, "ಮುಂದಿನ ಸುತ್ತಿಗೆ ಒಳಗೆ ಬರುತ್ತೇನೆ" ಅಂತ ತನ್ನ ಹುಡುಗರಿಗೆ ಕೈಸನ್ನೆ ಮಾಡಿದ. ಓಲ್ಡ್‌ಫೀಲ್ಡ್ ನೋಡಿದ. ಇವನು ನಿಲ್ಲಿಸುತ್ತಾನಲ್ಲ, ನಾನೂ ಟೈರು ಬದಲಾಯಿಸಿಕೊಂಡು ಬಿಡೋಣ, ನಷ್ಟ ಏನಿಲ್ಲ ಅಂದುಕೊಂಡು ಪಿಟ್‌ಗೆ ಹೋದ. ಡಿಪಾಲ್ಮಾ ಪಿಟ್ ಕಡೆ ತಿರುಗಿಯೂ ನೋಡದೆ ಕಾಲೊತ್ತಿಕೊಂಡು ಹೋಗಿಬಿಟ್ಟ. ಗೆದ್ದ.

ಮೋಸ ಅಲ್ವಾ ಇದು?

ಪಿಟ್‌ಲೇನ್

ಇದರಲ್ಲಿ ಮೋಸ ಎಲ್ಲಿ ಬಂತು? ಈಗಿನ ಫಾರ್ಮುಲಾ ಒನ್‌ನಲ್ಲೂ ರೇಡಿಯೋದಲ್ಲಿ "ಬಾಕ್ಸ್ ಬಾಕ್ಸ್" (ಪಿಟ್‌ಗೆ ಬಾ) ಅಂತ ಕರೆದು ಆಮೇಲೆ ಹೊರಗೇ ಉಳಿಯುವುದುಂಟು. ಎದುರಾಳಿ ನೋಡಿ ನಂಬಿದರೆ ಅವನ ಹಣೆಬರಹ.

ಇಂಡಿಯಾನಾ ಕನ್ನಡತಿ

ಅದೂ ಅಲ್ಲದೆ ಹೊಸ ಕಾರು ಕೊಟ್ಟ ಕಂಪನಿ ಸೋತಿತು, ಬಿಟ್ಟುಬಂದವನು ಹಳೇ ಕಾರಲ್ಲಿ ಗೆದ್ದ. ಇದನ್ನು ಓದಿ ಖುಷಿಪಡದವರು ಯಾವತ್ತೂ ಕೆಲಸಕ್ಕೆ ರಾಜೀನಾಮೆ ಕೊಟ್ಟಿಲ್ಲ ಅಂತ ಅರ್ಥ.

ಸಿಗಾರ್‌ವಾಲಾ

ಎಲ್ಲ ಸೇರಿ ನನ್ನನ್ನು ಮೂಲೆಗೆ ಒತ್ತಿದಿರಿ. ಇರಲಿ. ಆದರೂ ಓಲ್ಡ್‌ಫೀಲ್ಡ್‌ನ ಮೋಸಗಳನ್ನು ಮೋಸ ಅನ್ನುತ್ತೀರಿ, ಡಿಪಾಲ್ಮಾದ ಮೋಸವನ್ನು ಬುದ್ಧಿವಂತಿಕೆ ಅನ್ನುತ್ತೀರಿ. ಇದು ದಾಖಲಾಗಲಿ.

ಹಳೆಗಾಡಿ

ದಾಖಲಾಯಿತು! ಆದರೆ ಡಿಪಾಲ್ಮಾ ಬಗ್ಗೆ ಜನರಿಗೆ ಅಷ್ಟು ಮರ್ಯಾದೆ ಯಾಕೆ ಅನ್ನುವುದಕ್ಕೆ ಒಂದು ಘಟನೆ ಇದೆ. 1912ರ ಅಕ್ಟೋಬರ್, ಮಿಲ್ವಾಕಿ ಪಕ್ಕದ ವಾವಟೋಸಾ. ಆ ವಾರವೇ ಕೆಟ್ಟದಾಗಿ ಶುರುವಾಗಿತ್ತು. ಅಭ್ಯಾಸದಲ್ಲಿ ಡೇವಿಡ್ ಬ್ರೂಸ್-ಬ್ರೌನ್ ಸತ್ತಿದ್ದ. ಆ ಕಾಲದ ಒಳ್ಳೆಯ ಡ್ರೈವರುಗಳಲ್ಲಿ ಒಬ್ಬ, ಇನ್ನೂ ಚಿಕ್ಕ ವಯಸ್ಸು. ಮಾರನೇ ದಿನ ವ್ಯಾಂಡರ್‌ಬಿಲ್ಟ್ ಕಪ್ ನಡೆಯಿತು, ಡಿಪಾಲ್ಮಾ ಗೆದ್ದ. ಅದಾಗಿ ಮೂರು ದಿನಕ್ಕೆ ಗ್ರ್ಯಾಂಡ್ ಪ್ರೈಜ್ ರೇಸು.

ಕೊನೆಯ ಸುತ್ತು. ಮುಂದೆ ಕೇಲೆಬ್ ಬ್ರ್ಯಾಗ್, ಫಿಯಟ್‌ನಲ್ಲಿ. ಡಿಪಾಲ್ಮಾ ದಾಟಿಹೋಗೋಕೆ ನುಗ್ಗಿದ. ಚಕ್ರಕ್ಕೆ ಚಕ್ರ ತಗುಲಿತು. ಮರ್ಸಿಡಿಸ್ ರಸ್ತೆ ಬಿಟ್ಟು ಉರುಳಿತು. ಡಿಪಾಲ್ಮಾಗೆ ಕಾಲು ಮುರಿಯಿತು, ಹೊಟ್ಟೆಗೂ ಏಟು. ಬದುಕುವುದು ಅನುಮಾನ ಅಂತ ಜನ ಅಂದುಕೊಂಡರು. ಆ ಸ್ಥಿತಿಯಲ್ಲಿ ಆಸ್ಪತ್ರೆಗೆ ಸಾಗಿಸುವಾಗ ಅವನು ಪತ್ರಕರ್ತರಿಗೆ ಹೇಳಿದ್ದು ಒಂದೇ: ಬ್ರ್ಯಾಗ್‌ದು ತಪ್ಪಿಲ್ಲ, ಅವನು ನನಗೆ ಪೂರ್ತಿ ಜಾಗ ಬಿಟ್ಟಿದ್ದ, ಇದನ್ನು ಮರೆಯದೆ ಬರೆಯಿರಿ ಅಂತ.

ಮರುದಿನದ ಪತ್ರಿಕೆಯಲ್ಲಿ "ಬ್ರ್ಯಾಗ್ ಅಡ್ಡಗಟ್ಟಿದ" ಅಂತ ಬಂದಿದ್ದರೆ ಆ ಹುಡುಗನ ಹೆಸರು ಕೆಟ್ಟುಹೋಗುತ್ತಿತ್ತು. ಇವನಿಗೆ ಆ ನೋವಿನಲ್ಲೂ ಅದು ಹೊಳೆಯಿತಲ್ಲ. ನನ್ನ ಪ್ರಕಾರ ತಳ್ಳುವ ಫೋಟೋಗಿಂತ ಇದು ದೊಡ್ಡದು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಅಷ್ಟೇ.

ಅದೇ ವರ್ಷ ಅವನು ರಾಷ್ಟ್ರೀಯ ಚಾಂಪಿಯನ್ ಅನ್ನುವುದನ್ನೂ ನೆನಪಿಡಿ. ಮೇ ತಿಂಗಳಲ್ಲಿ ಕಾರು ತಳ್ಳಿದವನು, ಅಕ್ಟೋಬರಿನಲ್ಲಿ ಕಾಲು ಮುರಿದುಕೊಂಡವನು, ವರ್ಷದ ಕೊನೆಗೆ ಚಾಂಪಿಯನ್.

ಗ್ರೀಸ್‌ಕೈ

ಇದು ಗೊತ್ತಿರಲಿಲ್ಲ ಸರ್. ಚೆನ್ನಾಗಿದೆ. 1915ರ ಕಾರಿನ ಕಥೆಯನ್ನೂ ಹೇಳಿ. ಆ ಇಂಜಿನ್ ನನ್ನ ಇಷ್ಟದ್ದು.

ಹಳೆಗಾಡಿ

1914ರ ಜುಲೈ 4, ಫ್ರಾನ್ಸಿನ ಲಿಯೋನ್‌ನಲ್ಲಿ ಫ್ರೆಂಚ್ ಗ್ರ್ಯಾನ್ ಪ್ರಿ. ಡಿಪಾಲ್ಮಾ ಅಲ್ಲಿಗೆ ವಾಕ್ಸಾಲ್ ಕಾರಿನಲ್ಲಿ ಹೋಗಿದ್ದ, ಓಟ ಮುಗಿಸಲಿಲ್ಲ. ಮರ್ಸಿಡಿಸ್ ಮಾತ್ರ ಒಂದು, ಎರಡು, ಮೂರು, ಮೂರೂ ಸ್ಥಾನ ಹೊಡೆದುಕೊಂಡು ಹೋಯಿತು. ಕೂತು ನೋಡಿದ ಡಿಪಾಲ್ಮಾ ಮನಸ್ಸು ಮಾಡಿದ, ಅಂಥದ್ದೇ ಒಂದು ಕಾರು ಬೇಕು. ಕಂಪನಿಯವರಿಗೆ ಅವನ ಮೇಲೆ ಹಳೇ ವಿಶ್ವಾಸ, ಮಾರಿದರು. ಯುದ್ಧ ಶುರುವಾಗುವ ಹೊತ್ತಿಗೆ ಕಾರು ಹಡಗು ಹತ್ತಿತ್ತು. ಸ್ವಲ್ಪ ತಡ ಮಾಡಿದ್ದರೆ ಅದು ಜರ್ಮನಿಯಲ್ಲೇ ಉಳಿಯುತ್ತಿತ್ತು.

ಇವನನ್ನು ನತದೃಷ್ಟ ಅನ್ನುವವರು ಇದನ್ನು ಯಾವ ಖಾತೆಗೆ ಹಾಕುತ್ತಾರೆ?

1915ರ ರೇಸು ಮಳೆಯಿಂದಾಗಿ ಎರಡು ದಿನ ಮುಂದಕ್ಕೆ ಹೋಗಿ ಮೇ 31ಕ್ಕೆ ನಡೆಯಿತು. ಡಿಪಾಲ್ಮಾಗೆ ಪೈಪೋಟಿ ಕೊಟ್ಟವನು ಪ್ಯೂಜೊ ಕಾರಿನ ಡೇರಿಯೋ ರೆಸ್ಟಾ. ಇಬ್ಬರೂ ಇಟಲಿಯಲ್ಲಿ ಹುಟ್ಟಿದವರೇ. ಗೆದ್ದದ್ದು ಡಿಪಾಲ್ಮಾ, ಸರಾಸರಿ ಗಂಟೆಗೆ 89.84 ಮೈಲಿ, ನಮ್ಮ ಲೆಕ್ಕದಲ್ಲಿ 144 ಕಿಲೋಮೀಟರಿಗೂ ಜಾಸ್ತಿ. ಆ ಸರಾಸರಿ 1922ರ ತನಕ ಯಾರೂ ಮುರಿಯಲಿಲ್ಲ.

ಗ್ರೀಸ್‌ಕೈ

ಮುಖ್ಯವಾದದ್ದನ್ನೇ ಬಿಟ್ಟಿರಲ್ಲ! ಕೊನೆಗೆ ಮೂರು ಸುತ್ತು ಇರುವಾಗ ಮತ್ತೆ ಕನೆಕ್ಟಿಂಗ್ ರಾಡ್ ಮುರಿಯಿತು. ಮತ್ತೆ ಅದೇ! ರಾಡ್ ಇಂಜಿನ್ನಿನ ಕೆಳಗಿನ ಕವಚವನ್ನು (ಕ್ರ್ಯಾಂಕ್‌ಕೇಸ್) ಒಡೆದುಕೊಂಡು ಹೊರಬಂತು. ಉಳಿದ ಮೂರು ಸಿಲಿಂಡರಿನಲ್ಲೇ ಕಾರು ಓಡಿತು, ಗೆದ್ದೂ ಗೆದ್ದಿತು. ಪಕ್ಕದಲ್ಲಿದ್ದ ಮೆಕ್ಯಾನಿಕ್ ಲೂಯಿ ಫಾಂಟೇನ್‌ಗೆ ಆ ಮೂರು ಸುತ್ತು ಹೇಗಿದ್ದಿರಬೇಕು ಯೋಚನೆ ಮಾಡಿ.

ನನಗೆ ಕುತೂಹಲ ಅಂದರೆ ಎರಡೂ ಸಲ ಅದೇ ರೋಗ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. 1912ರಲ್ಲಿ ಐದು ಸುತ್ತಿನ ಅಂತರ ಇದ್ದೂ ಸೋತ. 1915ರಲ್ಲಿ ರೆಸ್ಟಾ ಹಿಂದಿದ್ದದ್ದು ಮುಗಿಯುವಾಗ ಸುಮಾರು ಮೂರೂವರೆ ನಿಮಿಷ ಮಾತ್ರ, ಆದರೂ ಗೆದ್ದ. ಅಂದರೆ ಅಂತರದ ಮಾತಲ್ಲ ಇದು. ರಾಡ್ ಮುರಿದ ಮೇಲೆ ಆ ತುಂಡು ಯಾವ ಕಡೆ ಹೋಗುತ್ತದೆ ಅನ್ನುವುದರ ಮಾತು. ಒಳಗೇ ಸಿಕ್ಕಿಕೊಂಡು ಕ್ರ್ಯಾಂಕಿಗೆ ಅಡ್ಡ ಬಿದ್ದರೆ ಇಂಜಿನ್ ಅಲ್ಲೇ ಹಿಡಿದುಕೊಳ್ಳುತ್ತದೆ. ಪಕ್ಕಕ್ಕೆ ತೂತು ಹೊಡೆದು ಹೊರಗೆ ಹಾರಿದರೆ ಎಣ್ಣೆ ಖಾಲಿಯಾಗುವ ತನಕ ಸ್ವಲ್ಪ ಹೊತ್ತು ಓಡಬಹುದು. ಇಂಜಿನ್ ಕೂಡ ಚಿಕ್ಕದು, ನಾಲ್ಕೂವರೆ ಲೀಟರ್, ಒಳಗಿನ ಭಾಗಗಳು ಹಗುರ. ಹಳೇ ಒಂಬತ್ತೂವರೆ ಲೀಟರಿನ ರಾಡ್ ಮುರಿದರೆ ಒಳಗೆ ಸುತ್ತಿಗೆ ಬಿಟ್ಟಂತೆ ಆಗಿರುತ್ತದೆ.

ಹಾಗಾಗಿ ಮೊದಲು ಕೇಳಿದ ತಕರಾರನ್ನು ಮತ್ತೆ ಕೇಳುತ್ತೇನೆ: ಎರಡು ಸಲ ರಾಡ್ ಮುರಿಸಿಕೊಂಡವನು ಇಂಜಿನ್ನಿಗೆ ಜಾಸ್ತಿ ಹೊಡೆಯುತ್ತಿದ್ದನಾ?

ಪಿಟ್‌ಲೇನ್

ಎರಡು ಬೇರೆ ಕಾರು, ಎರಡು ಬೇರೆ ಇಂಜಿನ್. ಮೂರು ವರ್ಷದ ಅಂತರ. ಅಷ್ಟರಿಂದ ಹಾಗೆ ಹೇಳೋಕೆ ಆಗಲ್ಲ ಸರ್. ಸಾಂಟಾ ಮೋನಿಕಾದಲ್ಲಿ ಓಲ್ಡ್‌ಫೀಲ್ಡ್‌ನ ಟೈರು ಸವೆದವು, ಇವನ ಟೈರು ಕೊನೆ ತನಕ ಬಂದವು. ಗಾಡಿಗೆ ಹೊಡೆಯುವವನ ಲಕ್ಷಣ ಅದಲ್ಲ.

ಗ್ರೀಸ್‌ಕೈ

ಹೂಂ. ಟೈರಿನ ಮಾತು ಸರಿ.

ಲೆಕ್ಕಿಗ

ಎಲ್ಲ ಓದುತ್ತಿದ್ದೆ. ಡಿಪಾಲ್ಮಾ ಬಗ್ಗೆ ಎಲ್ಲ ಕಡೆ ಒಂದು ಅಂಕಿ ತಿರುಗುತ್ತದೆ. 2,889 ರೇಸು ಓಡಿ 2,557 ಗೆದ್ದ ಅಂತ. ಇದನ್ನು ಯಾರಾದರೂ ನಂಬುತ್ತೀರಾ? ಇಪ್ಪತ್ತೈದು ವರ್ಷ ಓಡಿಸಿದ ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ 115ಕ್ಕೂ ಜಾಸ್ತಿ. ಹಿಮ ಬೀಳುವ ತಿಂಗಳು ಬಿಟ್ಟರೆ ವಾರಕ್ಕೆ ಮೂರು ರೇಸು. ಅದೂ ಹತ್ತರಲ್ಲಿ ಒಂಬತ್ತು ಗೆಲ್ಲಬೇಕು. ರೈಲಿನಲ್ಲಿ ಕಾರು ಹೇರಿಕೊಂಡು ತಿರುಗುವ ಕಾಲದಲ್ಲಿ!

ಹಳೆಗಾಡಿ

ಒಳ್ಳೇ ಪ್ರಶ್ನೆ. ನಾನೂ ಆ ಅಂಕಿಯನ್ನು ಹಾಗೇ ನುಂಗುವುದಿಲ್ಲ. ಆದರೆ ಪೂರ್ತಿ ಸುಳ್ಳು ಅಂತಲೂ ತಳ್ಳಿಹಾಕಬೇಡಿ. ಆಗಿನ ಜಾತ್ರೆಗಳಲ್ಲಿ ಕುದುರೆ ಓಡಿಸುವ ಮಣ್ಣಿನ ಟ್ರ್ಯಾಕಿನಲ್ಲೇ ಕಾರು ಓಡಿಸುತ್ತಿದ್ದರು. ಒಂದೇ ಮಧ್ಯಾಹ್ನ ಐದು ಮೈಲಿಯದ್ದೊಂದು, ಹತ್ತು ಮೈಲಿಯದ್ದೊಂದು, ಇಬ್ಬರೇ ಎದುರಾಗುವ ಪಂದ್ಯ, ದಾಖಲೆ ಪ್ರಯತ್ನ, ಹೀಗೆ ನಾಲ್ಕೈದು. ಪ್ರತಿಯೊಂದನ್ನೂ ಒಂದು ಗೆಲುವು ಅಂತ ಎಣಿಸಿದರೆ ಅಂಕಿ ಬೇಗ ಬೆಳೆಯುತ್ತದೆ. ಡಿಪಾಲ್ಮಾ ಹೆಸರು ಮಾಡಿದ್ದೇ ಮೊದಲು ಆ ಮಣ್ಣಿನ ಟ್ರ್ಯಾಕಿನಲ್ಲಿ. ಎಎಎ ಚಾಂಪಿಯನ್‌ಶಿಪ್ ಲೆಕ್ಕ ಹಿಡಿದರೆ ಗೆಲುವು ಎರಡು ಡಜನ್ ಆಸುಪಾಸು. ನನಗೆ ಅಷ್ಟು ಸಾಕು.

ಅದಕ್ಕಿಂತ ಗಟ್ಟಿ ಅಂಕಿ ಬೇಕಾದರೆ ಇಲ್ಲಿದೆ. ಇಂಡಿಯಾನಾಪೊಲಿಸ್‌ನಲ್ಲಿ ಅವನು ಒಟ್ಟು 612 ಸುತ್ತು ಮುಂದಿದ್ದ. ಪ್ರತಿ ಸುತ್ತಿನ ದಾಖಲೆ ಇರುವ ಜಾಗ ಅದು. ಈ 612ನ್ನು 1980ರ ದಶಕದ ಕೊನೆಯಲ್ಲಿ ಆಲ್ ಅನ್ಸರ್ ದಾಟಿದ. ಅವನು ನಾಲ್ಕು ಸಲ ಗೆದ್ದವನು. ಡಿಪಾಲ್ಮಾ ಗೆದ್ದದ್ದು ಒಂದೇ ಸಲ.

ಲೆಕ್ಕಿಗ

612 ಸುತ್ತಿಗೆ ಒಂದೇ ಗೆಲುವು. ಈಗ ಹೇಳಿ, ನತದೃಷ್ಟ ಅಲ್ಲ ಅನ್ನೋದು ಹೇಗೆ? 😀

ಇಂಡಿಯಾನಾ ಕನ್ನಡತಿ

1920 ಬಿಟ್ಟುಬಿಟ್ಟಿರಿ. ಆ ಸಲ ಫ್ರಾನ್ಸಿನ ಬಲೊ ಕಾರು. ಪಕ್ಕದ ಸೀಟಿನಲ್ಲಿ ಅಕ್ಕನ ಮಗನೋ ತಂಗಿಯ ಮಗನೋ, ಪೀಟರ್ ಡಿಪಾವೊಲೊ. ಇನ್ನು ಹದಿಮೂರೋ ಹದಿನಾಲ್ಕೋ ಸುತ್ತು ಬಾಕಿ, ಮುಂದಿರುವುದು ಡಿಪಾಲ್ಮಾನೇ. ಕಾರು ನಿಂತಿತು. ಪೆಟ್ರೋಲ್ ಖಾಲಿ ಅಂದುಕೊಂಡು ಡಿಪಾವೊಲೊ ಇಳಿದು ಪಿಟ್ ಕಡೆ ಓಡಿದ. ತೊಂದರೆ ಇದ್ದದ್ದು ಮ್ಯಾಗ್ನೆಟೊದಲ್ಲಿ, ಅಂದರೆ ಇಂಜಿನ್ನಿಗೆ ಕಿಡಿ ಕೊಡುವ ಭಾಗದಲ್ಲಿ. ಇತ್ತ ಡಿಪಾಲ್ಮಾ ಹೇಗೋ ಕಾರು ಶುರು ಮಾಡಿ ಹೊರಟೇಬಿಟ್ಟ, ಎಂಟರಲ್ಲಿ ನಾಲ್ಕು ಸಿಲಿಂಡರ್ ಮಾತ್ರ ಕೆಲಸ ಮಾಡುತ್ತಿದ್ದವು. ಐದನೇ ಸ್ಥಾನ. ಗೆದ್ದವನು ಗ್ಯಾಸ್ಟನ್ ಷೆವ್ರೊಲೆ, ಅದೇ ವರ್ಷ ನವೆಂಬರಿನಲ್ಲಿ ಬೆವರ್ಲಿ ಹಿಲ್ಸ್ ಟ್ರ್ಯಾಕಿನಲ್ಲಿ ಸತ್ತ.

1921ರಲ್ಲಿ ಮತ್ತೆ ಬಲೊ, ಮತ್ತೆ ನೂರಕ್ಕೂ ಜಾಸ್ತಿ ಸುತ್ತು ಮುಂದೆ, ಮತ್ತೆ ಇಂಜಿನ್ ಕೈಕೊಟ್ಟಿತು.

ಹಳೆಗಾಡಿ

ಅದೇ ಹೇಳುತ್ತಿರುವುದು ಮೇಡಂ. ಯಾರು ಅಷ್ಟು ಸಲ ಮುಂದಿರುತ್ತಾರೋ ಅವರೇ ಅಷ್ಟು ಸಲ ಮುಂದಿರುವಾಗ ನಿಲ್ಲುವುದು. ಹನ್ನೆರಡನೇ ಸ್ಥಾನದಲ್ಲಿರುವವನ ಮ್ಯಾಗ್ನೆಟೊ ಹೋದರೆ ಅದನ್ನು ಯಾರೂ ದುರದೃಷ್ಟ ಅನ್ನುವುದಿಲ್ಲ, ರಿಟೈರ್ ಅನ್ನುತ್ತಾರೆ. ಆ ಕಾಲದಲ್ಲಿ ಹೊರಟ ಕಾರುಗಳಲ್ಲಿ ಅರ್ಧಕ್ಕರ್ಧ ಕೊನೆ ಮುಟ್ಟುತ್ತಿರಲಿಲ್ಲ. 1912ರಲ್ಲಿ 24 ಹೊರಟವು, ಮುಗಿಸಿದ್ದು ಕೋಳಿ ತಿಂದವನನ್ನೂ ಸೇರಿಸಿ 10.

ಅಂದಹಾಗೆ ಆ ಪಕ್ಕದ ಸೀಟಿನ ಹುಡುಗ ಡಿಪಾವೊಲೊ 1925ರಲ್ಲಿ ತಾನೇ ಓಡಿಸಿ ಗೆದ್ದ, ಸರಾಸರಿ 101.13 ಮೈಲಿ. ಅಲ್ಲಿ 100 ದಾಟಿದ ಮೊದಲ ಗೆಲುವು. ಮಾವನೂ ಅದೇ ರೇಸಿನಲ್ಲಿದ್ದ, ಏಳನೇ ಸ್ಥಾನ. ಅದೇ ಅವನ ಕೊನೆಯ ಇಂಡಿಯಾನಾಪೊಲಿಸ್.

ಸಿಗಾರ್‌ವಾಲಾ

ಒಂದು ಪ್ರಶ್ನೆ. ಇಟಲಿಯವನನ್ನು ಅಮೆರಿಕದ ಡ್ರೈವರ್ ಅಂತ ಯಾಕೆ ಕರೆಯುತ್ತಿದ್ದೀರಿ?

ಹಳೆಗಾಡಿ

ಹುಟ್ಟಿದ್ದು 1882ರಲ್ಲಿ, ದಕ್ಷಿಣ ಇಟಲಿಯ ಪುಲಿಯಾ ಸೀಮೆಯಲ್ಲಿ. ಹತ್ತು ವರ್ಷದ ಹೊತ್ತಿಗೆ ಮನೆಯವರ ಜೊತೆ ಅಮೆರಿಕಕ್ಕೆ ಬಂದ. ಸೈಕಲ್ ರೇಸು, ಆಮೇಲೆ ಮೋಟಾರ್‌ಸೈಕಲ್, ಆಮೇಲೆ ಕಾರು, ಎಲ್ಲ ಕಲಿತದ್ದು ಅಮೆರಿಕದಲ್ಲೇ. ಪೌರತ್ವ ಸಿಕ್ಕಿದ್ದು 1920ರಲ್ಲಿ. ಅಂದರೆ ಎರಡು ರಾಷ್ಟ್ರೀಯ ಪ್ರಶಸ್ತಿ, ಇಂಡಿಯಾನಾಪೊಲಿಸ್, ಡೇಟೋನಾ ಎಲ್ಲ ಆದ ಮೇಲೆ. ಷೆವ್ರೊಲೆ ಸಹೋದರರ ಮೂಲವೂ ಸ್ವಿಟ್ಜರ್ಲೆಂಡ್. ಆ ಕಾಲದ ಅಮೆರಿಕದ ರೇಸಿನಿಂದ ವಲಸೆ ಬಂದವರನ್ನು ತೆಗೆದುಬಿಟ್ಟರೆ ಉಳಿಯುವುದು ನಿಮ್ಮ ಓಲ್ಡ್‌ಫೀಲ್ಡ್ ಮತ್ತು ಅವನ ಸಿಗಾರ್.

ಸಿಗಾರ್‌ವಾಲಾ

ಅಷ್ಟು ಉಳಿದರೂ ಟಿಕೆಟ್ ಖರ್ಚಾಗುತ್ತಿತ್ತು ಬಿಡಿ.

ಪಿಟ್‌ಲೇನ್

1919ರ ಡೇಟೋನಾ ದಾಖಲೆ ಬಗ್ಗೆ ಯಾರೂ ಮಾತಾಡಲಿಲ್ಲ. 149.875 ಮೈಲಿ ಅಂದರೆ 241 ಕಿಲೋಮೀಟರ್. ಯಾವ ಕಾರು?

ಗ್ರೀಸ್‌ಕೈ

ಪ್ಯಾಕಾರ್ಡ್ 905. ಹನ್ನೆರಡು ಸಿಲಿಂಡರ್, ಹೆಸರಿನ ಹಾಗೇ 905 ಘನ ಇಂಚು, ಹೆಚ್ಚುಕಡಿಮೆ 15 ಲೀಟರ್. ವಿಮಾನದ ಇಂಜಿನ್ ಕೆಲಸದಿಂದ ಬಂದದ್ದು. ಫೆಬ್ರವರಿ 12, ಸಮುದ್ರ ತೀರದ ಮರಳು. ಯುರೋಪಿನವರು ಮಾನ್ಯ ಮಾಡಲಿಲ್ಲ, ಯಾಕೆಂದರೆ ಅವರ ನಿಯಮದಲ್ಲಿ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಬೇಕು. ಇವನು ಓಡಿಸಿದ್ದು ಒಂದೇ ದಿಕ್ಕಿಗೆ.

ಲೆಕ್ಕಿಗ

ನೋಡಿ, ಅದೂ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಹಳೆಗಾಡಿ

ಲೆಕ್ಕಿಗರೇ, ನಿಮ್ಮನ್ನು ಒಪ್ಪಿಸೋದು ನನ್ನ ಕೈಲಾಗುವ ಕೆಲಸ ಅಲ್ಲ. ಆದರೆ ಅವನ ಜೊತೆಯವರ ಪಟ್ಟಿ ಹಾಕಿ ಒಮ್ಮೆ. ಬ್ರೂಸ್-ಬ್ರೌನ್ 1912ರಲ್ಲಿ ಹೋದ. ಗ್ಯಾಸ್ಟನ್ ಷೆವ್ರೊಲೆ 1920ರಲ್ಲಿ. 1921ರ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಇವನನ್ನು ಎರಡನೇ ಸ್ಥಾನಕ್ಕೆ ತಳ್ಳಿ ಗೆದ್ದ ಜಿಮ್ಮಿ ಮರ್ಫಿ 1924ರಲ್ಲಿ. ರೆಸ್ಟಾನೂ 1924ರಲ್ಲೇ. ಎಲ್ಲರೂ ಕಾರಿನಲ್ಲೇ ಸತ್ತವರು. ಡಿಪಾಲ್ಮಾ 1929ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ, ಕೆನಡಾ ಚಾಂಪಿಯನ್ ಆದ. ತೀರಿಕೊಂಡದ್ದು 1956ರಲ್ಲಿ, ಕ್ಯಾಲಿಫೋರ್ನಿಯಾದ ಸೌತ್ ಪಸಡೀನಾದಲ್ಲಿ, ಕಾಯಿಲೆಯಿಂದ. ಎಪ್ಪತ್ತಮೂರು ವರ್ಷ.

ಲೆಕ್ಕಿಗ

ಈ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಮುಂದಿನ ಸಲ ಆ ಫೋಟೋ ಯಾರಾದರೂ ಹಾಕಿದರೆ ಈ ಚರ್ಚೆಯ ಕೊಂಡಿ ಕೊಡುತ್ತೇನೆ. 612ರ ಮಾತು ಮಾತ್ರ ಬಿಡಲ್ಲ.